ಆರು ಸಲ ಕಡಲಿಗೆ

ವಾಲ್ಪರೈಸೊ ಬಂದರಿನ ಫೋಟೋ ಸ್ಟುಡಿಯೋದಲ್ಲಿ ಎದೆಲ್ಮಿರಾ ಹದಿನಾಲ್ಕು ವರ್ಷ ಕೂತು ಮಾಡಿದ್ದು ಒಂದೇ ಕೆಲಸ: ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸಿರಿವಂತರ ಮುಖದ ಸುಕ್ಕು ಮರೆಸುವುದು. ಮೂವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಸಿನಿಮಾ ಹುಚ್ಚು ಹಿಡಿಯಿತು; ನೋಡುವ ಹುಚ್ಚಲ್ಲ, ಮಾಡುವ ಹುಚ್ಚು.

"ಹೆಂಗಸು ಹೇಳಿದ್ರೆ ಯಾವ ಗಂಡಸು ಕುಣೀತಾನಮ್ಮ?" ಎಂದು ಸ್ಟುಡಿಯೋದ ಯಜಮಾನ ನಕ್ಕ. ಆದರೂ ಭಾನುವಾರಗಳಲ್ಲಿ ತನ್ನ ಸಿನಿಮಾ ಕ್ಯಾಮೆರಾ ಕೊಟ್ಟ.

ಕಥೆ, ಗಂಡನನ್ನು ಕಡಲಿಗೆ ಕಳೆದುಕೊಂಡ ಅಗಸಗಿತ್ತಿಯದು. ಆ ಪಾತ್ರಕ್ಕೆ ಪಕ್ಕದ ಮನೆಯ ಸುನಿಲ್ದಾ ಒಪ್ಪಿದಳು. ನಿಜಕ್ಕೂ ಬಟ್ಟೆ ಒಗೆದೇ ಬದುಕುವವಳು. ಅವಳ ಮಗಳ ನಾಮಕರಣದಲ್ಲಿ ಕೂಸನ್ನು ಎತ್ತಿಕೊಂಡು ದೇವರ ಮುಂದೆ ನಿಂತವಳು ಎದೆಲ್ಮಿರಾ. ಆ ನಂಟಿನಿಂದ ಸುನಿಲ್ದಾ, ಅವಳ ಗಂಡ ಒನೊಫ್ರೆ ಇಬ್ಬರೂ ಅವಳನ್ನು 'ಕೊಮಾದ್ರೆ', ಅಂದರೆ ಕೂಸಿನ ಇನ್ನೊಬ್ಬ ತಾಯಿ, ಎಂದೇ ಕರೆಯುತ್ತಿದ್ದರು.

೧೯೨೫ರ ಜುಲೈ, ದಕ್ಷಿಣದ ಆ ನಾಡಿಗೆ ನಡುಚಳಿಗಾಲ. ವಿಧವೆ ಗಂಡನ ಹೆಣ ಹುಡುಕುತ್ತ ನೀರಿಗಿಳಿಯುವ ದೃಶ್ಯ.

"ಎದೆಮಟ್ಟ ಹೋಗು!" ಎಂದು ಎದೆಲ್ಮಿರಾ ಕೂಗಿದಳು.

"ಇವತ್ತು ನನ್ನನ್ನೇ ಒಗೆದು ಹಿಂಡ್ತೀಯ ಬಿಡು ಕೊಮಾದ್ರೆ," ಎಂದು ನಗುತ್ತಲೇ ಸುನಿಲ್ದಾ ಇಳಿದಳು.

ಮೊದಲ ಸಲ ರೀಲು ಸಿಕ್ಕಿಕೊಂಡಿತು. ಎರಡನೆಯ ಸಲ ಎಲ್ಲ ಸರಿಯಾಗಿ ಬಂತು. ಆದರೂ ಎದೆಲ್ಮಿರಾಳಿಗೆ ತೃಪ್ತಿಯಿಲ್ಲ. ಬಂಡೆಗಳ ಮೇಲೆ ಬೆಸ್ತರು ಗುಂಪುಗೂಡಿದ್ದರು. ಅಷ್ಟು ಗಂಡಸರೆದುರು ತನ್ನ ಮಾತು ನಡೆಯುವುದು ಅವಳಿಗೆ ಹಿತವಾಗಿತ್ತು. "ಇನ್ನೊಂದ್ ಸಲ!" ಎಂದಳು. ಮತ್ತೆ, "ಇನ್ನೊಂದ್ ಸಲ!"

ಆರನೆಯ ಸಲ ಮೇಲೆ ಬಂದಾಗ ಸುನಿಲ್ದಾಳ ತುಟಿ ನೀಲಿಗಟ್ಟಿತ್ತು. "ಸಾಕಲ್ವೇನೇ?" ಎಂದಳು.

ಅಂದೇ ಜ್ವರ ಬಂತು. ಹನ್ನೆರಡನೆಯ ದಿನ ನ್ಯುಮೋನಿಯಾದಲ್ಲಿ ತೀರಿಕೊಂಡಳು.

ಸಿನಿಮಾ ಮೂರು ವಾರ ಓಡಿತು. ಊರಿಗೆ ಊರೇ ಅತ್ತಿತು, ಪತ್ರಿಕೆಗಳು ಹೊಗಳಿದವು. ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಒನೊಫ್ರೆ ಬಾಗಿಲಿಗೆ ಬಂದ.

"ಕೊಮಾದ್ರೆ, ನಂಗೊಬ್ನಿಗೇ ತೋರಿಸ್ತೀರಾ? ಜನದ ಮಧ್ಯೆ ಕೂರೋಕಾಗಲ್ಲ."

ಖಾಲಿ ಥಿಯೇಟರಿನಲ್ಲಿ ಇಬ್ಬರೇ ಕೂತರು. ಪರದೆಯ ಮೇಲೆ ಸುನಿಲ್ದಾ ಕಡಲಿಗಿಳಿದಳು. ಒನೊಫ್ರೆ ಮುಂದಕ್ಕೆ ಬಾಗಿದ.

"ಇದು ಎಷ್ಟನೇ ಸಲದ್ದು?"

ಆರನೆಯದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಎರಡನೇದು," ಎಂದಳು ಎದೆಲ್ಮಿರಾ.

"ಮತ್ತೆ ಆಮೇಲಿನ ನಾಲ್ಕು?"

"ಬಳಸ್ಲಿಲ್ಲ."

ಅವನು ಟೋಪಿ ತಲೆಗಿಟ್ಟುಕೊಂಡ. ಸಿನಿಮಾ ಮುಗಿಯುವ ಮೊದಲೇ ಎದ್ದ. "ಬರ್ತೀನಿ, ಸೆನ್ಯೋರಾ," ಎಂದ. ಪರಿಚಯವೇ ಇಲ್ಲದ ಹೆಂಗಸಿಗೆ ಹೇಳುವ ಹಾಗೆ.

ಸಾಂತಿಯಾಗೊದಿಂದ ಒಂದು ಕಂಪನಿ ಇನ್ನೊಂದು ಸಿನಿಮಾಕ್ಕೆ ಕರೆಯಿತು. ಅವಳು ಹೋಗಲಿಲ್ಲ, ಕಣ್ಣು ಮಂಜಾಗುವವರೆಗೂ ನೆಗೆಟಿವ್ ತಿದ್ದಿದಳು. ಸುನಿಲ್ದಾಳ ಮಗಳು ಮತ್ತೆ ಅವಳ ಹೊಸಿಲು ತುಳಿಯಲಿಲ್ಲ. ಹದಿನೆಂಟು ವರ್ಷಗಳ ಬಳಿಕ ಆ ಮಗಳ ಮದುವೆಯ ಕರೆ ಬಂತು. ಬರೆದದ್ದು ಅವಳೇ, ಅಪ್ಪನ ಹೆಸರಿರಲಿಲ್ಲ. ಎದೆಲ್ಮಿರಾ ಹೋಗಿ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತಳು. ಒನೊಫ್ರೆ ಒಮ್ಮೆ ತಿರುಗಿ ನೋಡಿದ. ಎದ್ದು ಹೋಗು ಎನ್ನಲಿಲ್ಲ.