ಒಗ್ಗರಣೆ ಹಾಕುವಂಥ ಮನೆ

ಎದುರಿಗೆ ನನ್ನನ್ನು ‘ಲೋನ್ ಮೇಡಂ’ ಎನ್ನುತ್ತಾರೆ, ಬೆನ್ನ ಹಿಂದೆ ಬ್ರೋಕರ್. ಎರಡಕ್ಕೂ ನನ್ನ ತಕರಾರಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಸಾಲ ಮಾಡಿ ನೋಡು ಎನ್ನುವುದನ್ನು ಮರೆತರು. ಆ ಭಾಗ ನನ್ನ ಪಾಲಿಗೆ ಬಂದಿದೆ. ಶಿಡ್ಲಘಟ್ಟದಲ್ಲಿ ಒಂದು ಪುಟ್ಟ ಕಚೇರಿ, ಒಂದು ಸ್ಕೂಟರು. ಯಾವ ಬ್ಯಾಂಕು ಯಾರಿಗೆ ಒಪ್ಪುತ್ತದೆ ಎಂದು ಹೇಳಿ, ಕಾಗದಪತ್ರ ಜೋಡಿಸಿ, ಚಿಂತಾಮಣಿ, ಗೌರಿಬಿದನೂರು ಎಂದು ಅಲೆಯುತ್ತೇನೆ. ಸಾಲ ಮಂಜೂರಾಗಿ ಹಣ ಬಂದ ಮೇಲೆ ಬ್ಯಾಂಕು ನನಗೆ ಕಮಿಷನ್ ಕೊಡುತ್ತದೆ. ಕೆಲಸ ಇಷ್ಟೇ ಎಂದುಕೊಂಡಿದ್ದೆ.

ಸಾದಲಿ ಕಡೆಯ ಒಬ್ಬ ರೇಷ್ಮೆ ಬೆಳೆಗಾರ ಮತ್ತು ಅವನ ಹೆಂಡತಿ ಜಂಟಿಯಾಗಿ ಅರ್ಜಿ ಹಾಕಿದ್ದರು. ವಾಸದ ಮನೆಯ ನಡುಮನೆಯಲ್ಲೇ ಹುಳು ಸಾಕುತ್ತಿದ್ದರು. ಅದನ್ನು ಹುಳುವಿಗೇ ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟುವ ಆಸೆ. ಆಸೆ ಹೆಚ್ಚಾಗಿ ಹೆಂಡತಿಯದು.

“ನಂಗೆ ಮಾಡಿ ಮನೆ ಗಿನೆ ಏನೂ ಬ್ಯಾಡ ಅಕ್ಕಾ. ಮನ್ಸು ಬಂದಾಗ ಒಂದು ಒಗ್ಗರಣೆ ಹಾಕೋ ಹಂಗಿದ್ರೆ ಸಾಕು,” ಎಂದಿದ್ದಳು.

ನಗಬೇಡಿ. ರೇಷ್ಮೆ ಹುಳುವಿಗೆ ಹೊಗೆ, ಘಾಟು, ಸೆಂಟು ಯಾವುದೂ ಆಗದು. ಹುಳು ಇರುವಷ್ಟು ದಿನ ಆ ಮನೆಯ ಒಲೆಯ ಮೇಲೆ ಮೆಣಸಿನಕಾಯಿ ಕರಿಯುವಂತಿಲ್ಲ. ಸಾರು ಮನೆಯಲ್ಲಿ ಕುದಿಸಿ, ಒಗ್ಗರಣೆಗೆ ಮಾತ್ರ ಎಣ್ಣೆ, ಸಾಸಿವೆ, ಸೌಟು ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದಳು. ಆ ಮನೆಯಾಕೆ “ಬಂದ್ಲು ನೋಡಮ್ಮ ಒಗ್ಗರಣೆಯೋಳು” ಎಂದು ಹಲ್ಲು ಕಿರಿಯುತ್ತಿದ್ದಳಂತೆ. ಒಂದು ಬೆಳೆ ಗೂಡು ಕಟ್ಟಿ ಮುಗಿಯುವಷ್ಟರಲ್ಲಿ ಇನ್ನೊಂದರ ಮರಿಹುಳು ಬಂದಿರುತ್ತವೆ. ಮದುವೆಯಾಗಿ ಬಂದಾಗಿನಿಂದ ಇದೇ ಬಾಳು.

ಬ್ಯಾಂಕಿನ ಇಂಜಿನಿಯರು ಜಾಗ ನೋಡಲು ಬಂದ ದಿನ ಹುಳುಗಳು ಕೊನೆಯ ಜ್ವರದಿಂದ ಎದ್ದು ಗಬಗಬನೆ ಸೊಪ್ಪು ತಿನ್ನುತ್ತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಕಾಲ. ಅದಾದ ಮೇಲೆ ಗೂಡು ಕಟ್ಟುವ ತನಕ ಹೊರಗಿನವರನ್ನು ಯಾರೂ ಒಳಗೆ ಬಿಡುವುದಿಲ್ಲ. ಆದರೆ ಹಳೆಯ ಮನೆಯೂ ಸಾಲಕ್ಕೆ ಅಡಮಾನವಾದ್ದರಿಂದ ಅವನು ಒಳಗೆ ಹೋಗಿ ಅಳೆಯಲೇಬೇಕು. ಆ ಇಂಜಿನಿಯರ್ ಹುಡುಗ ಬೈಕಿನಿಂದ ಇಳಿದದ್ದೇ ತಡ, ಬೀದಿಯೆಲ್ಲ ಸೆಂಟಿನ ವಾಸನೆ. ಅವಳು ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

“ಹಂಗಾದ್ರೆ ನಾನ್ ಹೊರಡ್ತೀನಿ ಮೇಡಂ, ಇನ್ನೂ ನಾಲ್ಕು ಸೈಟ್ ನೋಡ್ಬೇಕು,” ಅಂದ ಇಂಜಿನಿಯರು.

ನನಗೆ ರೇಗಿತು. “ಆಮೇಲೆ ಹೊರಡೋರಂತೆ. ಮೊದ್ಲು ಬಚ್ಚಲಿಗೆ ನಡೀರಿ,” ಅಂದೆ. ಕತ್ತು, ಕೈಕಾಲು ಸೋಪು ಹಾಕಿ ತೊಳೆಸಿ, ಮನೆಯವನ ಲುಂಗಿ, ಅಂಗಿ ಕೊಡಿಸಿದೆ. ಪಾಪ, ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ಟೇಪು ಹಿಡಿದೇ ಇಡೀ ಮನೆ ಅಳೆದ.

ಆಮೇಲೆ ಜಗಲಿಯ ಮೇಲೆ ಹೊಸ ಮನೆಯ ನಕ್ಷೆ ಹರಡಿದ. ಕಾಫಿ ತಂದವಳು ಬಗ್ಗಿ ನೋಡಿದಳು.

“ಇದ್ರಾಗೆ ಅಡುಗೆಮನೆ ಯಾವ್ದಪ್ಪ?”

ಅವನು ಆಗ್ನೇಯ ಮೂಲೆಯ ಮೇಲೆ ಬೆರಳಿಟ್ಟ. ವಾಸ್ತುವಿಗೆ ಸರಿ. ಆದರೆ ಅಡುಗೆಮನೆಯ ಕಿಟಕಿ ಹಳೆಯ ಮನೆಯ ಕಿಟಕಿಗೇ ಎದುರಾಗಿತ್ತು. ನಡುವೆ ಒಂದು ಓಣಿ ಅಷ್ಟೆ. ಅವಳು ನಕ್ಷೆ ನೋಡಿದಳು, ಹುಳು ಇದ್ದ ನಡುಮನೆಯ ಕಡೆ ನೋಡಿದಳು. ಲೋಟ ಇಟ್ಟು ಒಳಗೆ ಹೋದಳು.

ಕಂತು ತೀರುವ ತನಕ ಗಂಡನಷ್ಟೇ ಹೊಣೆ ಅವಳಿಗೂ ಇದೆ. ಸಹಿ ಎಲ್ಲೆಲ್ಲಿ ಎಂದು ಎಲ್ಲರೂ ತೋರಿಸಿದ್ದರು, ಅಡುಗೆಮನೆ ಎಲ್ಲಿ ಎಂದು ಒಬ್ಬರೂ ತೋರಿಸಿರಲಿಲ್ಲ. “ಅಡುಗೆಮನೆ ಆ ಕಡೆ ವಾಯುವ್ಯಕ್ಕೆ ಹಾಕ್ಸಣ. ಅದಕ್ಕೂ ವಾಸ್ತು ಒಪ್ಪುತ್ತೆ,” ಎಂದೆ.

ಅವಳ ಗಂಡ ಸಿಟ್ಟು ಬಂದರೆ ತೆಲುಗಿಗೆ ಜಾರುತ್ತಾನೆ. “ಮೀಕೆಂದುಕಮ್ಮಾ ಇದಂತಾ?” ಅಂದ, ನಿಮಗೇಕೆ ಇದೆಲ್ಲ ಎಂದು. ಮತ್ತೆ ಕನ್ನಡಕ್ಕೆ ಬಂದು, “ಸಾಲ ಕೊಡ್ಸೋಕೆ ಬಂದೋರು ಸಾಲ ಕೊಡ್ಸಿ. ಅಡುಗೆಮನೆ ಯಾಕ್ ನೋಡ್ತೀರ?” ಅಂದ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಕ್ಷೆ ಬದಲಾದರೆ ಪಂಚಾಯಿತಿಯ ಒಪ್ಪಿಗೆಯಿಂದ ಬ್ಯಾಂಕಿನವರೆಗೆ ಎಲ್ಲ ಮೊದಲಿನಿಂದ ಆಗಬೇಕು. ನನ್ನ ಕಮಿಷನ್ನೂ ಮುಂದಕ್ಕೆ ಹೋಗುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಅನುಕೂಲ, ಅವಳೊಬ್ಬಳನ್ನು ಬಿಟ್ಟು.

“ನೋಡಪ್ಪ, ವರ್ಷಾನುಗಟ್ಲೆ ಕಂತು ಕಟ್ಟೋರು ನೀವಿಬ್ರು. ಆಮೇಲೂ ಅವ್ಳು ಸೌಟು ಹಿಡ್ಕೊಂಡು ಪಕ್ಕದ ಮನೆಗೆ ಹೋಗೋದಾದ್ರೆ ಈ ಸಾಲ ಯಾಕೆ?” ಅಂದೆ.

ಅವನು ಎದ್ದು ಒಳಗೆ ಹೋದ. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಹೊರಗೆ ಬಂದವನು ನನ್ನ ಮುಖ ನೋಡದೆ, “ಆ ಕಡೀಕೇ ಹಾಕ್ಸಿ,” ಅಂದ.

ಫೈಲು ಹಿಂದಕ್ಕೆ ಹೋಯಿತು. ನಾನು ಮತ್ತೆ ಅಲೆದೆ, ಮತ್ತೆ ಬೈಸಿಕೊಂಡೆ. ಸಾಲ ತಡವಾಗಿ ಬಂತು, ಮನೆ ತಡವಾಗಿ ಎದ್ದಿತು.

ಗೃಹಪ್ರವೇಶದ ದಿನ ನೆಂಟರ ಊಟವಾದ ಮೇಲೆ ಅವಳು ನನ್ನ ಕೈ ಹಿಡಿದು ಹೊಸ ಅಡುಗೆಮನೆಗೆ ಎಳೆದುಕೊಂಡು ಹೋದಳು. ಅಡುಗೆಯವರ ಸಾರು ಸಪ್ಪೆಯಂತೆ. ಒಲೆ ಹಚ್ಚಿ ಸೌಟಿಗೆ ಎಣ್ಣೆ ಸುರಿದಳು. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿಯ ಘಾಟು ಎದ್ದು ನಾವೆಲ್ಲ ಕೆಮ್ಮಿದೆವು. ಅಷ್ಟು ಸಂತೋಷವಾಗಿ ನಾನು ಎಂದೂ ಕೆಮ್ಮಿಲ್ಲ. ಹಳೆಯ ಮನೆಯಲ್ಲಿ ಆಗಲೂ ಹುಳು ಇದ್ದವು. ಘಾಟು ಮೂಗಿಗೆ ಬಡಿದದ್ದೇ, ಹಜಾರದಲ್ಲಿದ್ದ ಗಂಡ ಆ ಹಳೆಯ ಮನೆಯ ಕಿಟಕಿ ಮುಚ್ಚಲು ಬರಿಗಾಲಲ್ಲೇ ಓಡಿದ.

“ಎಲ್ಲಿಗ್ ಓಡ್ತೀರಾ? ಹೊಗೆ ಆ ಕಡೀಕೆ ಹೋಗಲ್ಲ, ಬನ್ನಿ ಒಳಗೆ,” ಎಂದು ಅವಳು ಸೌಟು ಹಿಡಿದೇ ಕೂಗಿದಳು.

ಅವನು ವಾಪಸು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಜೋರಾಗಿ ಸೀನಿದ. ಅವಳು ಎಣ್ಣೆಗೆ ಇನ್ನೊಂದು ಮೆಣಸಿನಕಾಯಿ ಮುರಿದು ಹಾಕಿದಳು.