ಪರೀಕ್ಷೆ ಒಳಗೆ ಸಿಕ್ಕಿಕೊಂಡ ದಿನ

ದ್ರಾಕ್ಷಾಯಿಣಿಗೆ ಒಂದು ಕಡೆ ಕೂತು ಕೆಲಸ ಮಾಡುವುದು ಎಂದೂ ಆಗಿಬರಲಿಲ್ಲ. ಹತ್ತರಗಿಯ ತವರಿನಲ್ಲಿ ಪುಸ್ತಕ ಹಿಡಿದು ಅಂಗಳ ಸುತ್ತುತ್ತಲೇ ಓದಿದವಳು. ಹುಕ್ಕೇರಿಯ ಟೈಪಿಂಗ್ ಕ್ಲಾಸಿನಲ್ಲಿ ಗಳಿಗೆಗೊಮ್ಮೆ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು. ಆದರೂ ಅವಳಷ್ಟು ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಮದುವೆಯಾಗಿ ಮೂಡಲಗಿಗೆ ಬಂದ ಮೇಲೆ ಗಂಡ ಅಪ್ಪಣ್ಣ ಹಿಟ್ಟಿನ ಗಿರಣಿ ನೋಡಿಕೊಂಡರೆ, ಇವಳು ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಲ್ಕು ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡತೊಡಗಿದಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ಅವಳ ಹೊಸ್ತಿಲು ದಾಟಿರಲಿಲ್ಲ. ಓಣಿಯ ಹೆಂಗಸರು ಮಕ್ಕಳ ಸಲುವಾಗಿ ನಯವಾಗಿ ಕೆದಕಿದರೆ ಅವರ ಮನೆಯ ಅಡುಗೆಯ ಮಾತು ತೆಗೆದುಬಿಡುತ್ತಿದ್ದಳು.

ಕಳೆದ ಅರ್ಧವಾರ್ಷಿಕ ಪರೀಕ್ಷೆಗೆ ಎರಡೇ ದಿನ ಉಳಿದಿದ್ದಾಗ, ಬೆಳಿಗ್ಗೆ ಲ್ಯಾಪ್‌ಟಾಪ್ ಚಾರ್ಜ್ ಆಗಲಿಲ್ಲ. ವಾಯರು ಹಚ್ಚಿಯೇ ಇತ್ತು, ದೀಪ ಮಾತ್ರ ಇಲ್ಲ. ಅಡುಗೆಮನೆಯ ಪ್ಲಗ್ಗಿಗೆ ಹಾಕಿ ನೋಡಿದಳು, ಅಲ್ಲೂ ಹತ್ತಲಿಲ್ಲ. ಅದೇ ಪ್ಲಗ್ಗಿಗೆ ಮೊಬೈಲ್ ಹಚ್ಚಿದರೆ ಅದು ಚಾರ್ಜ್ ಆಯಿತು. ಅಂದರೆ ಕರೆಂಟಿನ ದೋಷವಲ್ಲ. ಬಾಜೂ ಮನೆಯ ವಿದ್ಯಾ ಬಳಿ ಅಂಥದೇ ಚಾರ್ಜರ್ ಇತ್ತು, ಓಡಿಹೋಗಿ ತಂದಳು. ಅದಕ್ಕೂ ದೀಪ ಬರಲಿಲ್ಲ. ಪಿನ್ನನ್ನು ಓರೆಯಾಗಿ ಒತ್ತಿ ಹಿಡಿದಾಗ ಒಮ್ಮೆ ಮಿಣಕ್ ಎಂದಿತು, ಕೈ ಬಿಟ್ಟೊಡನೆ ಆರಿತು. ಹೀಗೆ ಒತ್ತುವುದು ಬಿಡುವುದು ನಡೆದಿರುವಾಗಲೇ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಪತ್ರಿಕೆಗಳನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕಿತ್ತು ಎಂದು ಆಗ ಹೊಳೆಯಿತು.

ಗಿರಣಿಗೆ ಹೇಳಿ ಕಳಿಸಿ, ಅಪ್ಪಣ್ಣ ಬರುವುದರೊಳಗೆ ಸೀರೆ ಬದಲಿಸಿ ಗೋಕಾಕದ ಬಸ್ಸು ಹತ್ತಿದ್ದಳು. ಲ್ಯಾಪ್‌ಟಾಪು, ಮಾಸ್ತರರು ಬರೆದುಕೊಟ್ಟ ಪ್ರಶ್ನೆಗಳ ಹಾಳೆ ತುಂಬಿದ ಚೀಲ ತೊಡೆಯ ಮೇಲಿತ್ತು. ಕಂಡಕ್ಟರ್ ಅದನ್ನು ಮೇಲಿಡಿ ಎಂದರೂ ಕೊಡಲಿಲ್ಲ.

ಬಸ್ ನಿಲ್ದಾಣದ ಹಿಂದೆ ಗುರುಪಾದನ ರಿಪೇರಿ ಅಂಗಡಿ. ಅವನು ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ, ಬಿಟ್ಟು ಹೋಗಿ ನಾಳೆ ಸಂಜೆಗೆ ಬರಲು ಹೇಳಿದ.

“ಬಿಟ್ಟು ಹೋಗಾಕ ಆಗಂಗಿಲ್ರಿ,” ಅಂದಳು ದ್ರಾಕ್ಷಾಯಿಣಿ. “ಒಳಗ ಮಕ್ಕಳ ಪರೀಕ್ಷಾ ಐತ್ರಿ.”

ಗುರುಪಾದ ಒಂದು ಕ್ಷಣ ಅವಳ ಮುಖ ನೋಡಿ ಕುರ್ಚಿ ಎಳೆದಿಟ್ಟ. ಅವಳು ಕೂರಲಿಲ್ಲ, ಬಾಗಿಲಿಗೆ ಹೋಗುವಳು, ತಿರುಗಿ ಬರುವಳು. ಅವನು ಮೀಟರಿನ ಕಡ್ಡಿ ಹಿಡಿದು ಚಾರ್ಜರ್ ಪರೀಕ್ಷಿಸಿದ. ಅದರಲ್ಲಿ ಕರೆಂಟ್ ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಲ್ಯಾಪ್‌ಟಾಪಿನ ತಳದ ಸ್ಕ್ರೂ ಬಿಚ್ಚಿ, ಪಿನ್ನು ಕೂರುವ ಜಾಗವನ್ನು ಬೆಳಕಿಗೆ ಹಿಡಿದ. ಅಲ್ಲಿಯ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

“ಅಕ್ಕಾರ, ವಾಯರ್ ಹಚ್ಚಿದ್ದಂಗ ಎತ್ಕೊಂಡು ಅಡ್ಡಾಡತೀರೇನ್ರಿ?”

ಬಾಗಿಲಿಗೆ ಹೊರಟಿದ್ದ ದ್ರಾಕ್ಷಾಯಿಣಿ ಅಲ್ಲೇ ನಿಂತಳು. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕಟ್ಟೆಗೆ ಹೋಗುವಾಗ ಹಿಂದೆ ಬಿಗಿಯಾಗಿ ಜಗ್ಗುತ್ತಿದ್ದ ವಾಯರು ಕಣ್ಣಿಗೆ ಕಟ್ಟಿತು. ಇಷ್ಟು ಹೊತ್ತು ಮನಸ್ಸಿನಲ್ಲೇ ಚಾರ್ಜರ್ ಮಾಡಿದವನನ್ನು ಬೈಯುತ್ತಿದ್ದಳು.

“ಹೂನ್ರಿ,” ಅಂದಳು. “ನಂದ ತಪ್ಪು.”

ಬೆಸುಗೆ ಹಾಕಿದ ಮೇಲೆ ದೀಪ ಹತ್ತಿತು, ಹತ್ತಿಯೇ ಉಳಿಯಿತು. ಒಂದೊಂದೇ ಫೈಲು ತೆರೆದು ನೋಡಿದಳು. ಎಲ್ಲವೂ ಇದ್ದವು, ಏಳನೇ ತರಗತಿಯ ವಿಜ್ಞಾನದ್ದಷ್ಟೇ ಅರ್ಧ ಉಳಿದಿತ್ತು. ಮನೆಗೆ ಹೋಗುವ ತನಕವೂ ತಡೆಯಲಾರದೆ, ಮೂಡಲಗಿ ಶಾಲೆಯ ಏಳನೇ ತರಗತಿಯದೊಂದು ಉಳಿದಿದೆ, ಇಲ್ಲೇ ಮುಗಿಸಲೇ ಎಂದು ಕೇಳಿದಳು. ಗುರುಪಾದ ತನ್ನ ಸ್ಟೂಲು ಎತ್ತಿ ಗೋಡೆಯ ಕಡೆಗೆ ತಿರುಗಿಸಿಟ್ಟ.

“ನಮ್ಮ ತಂಗಿ ಮಗಳು ಮೂಡಲಗಿ ಸಾಲ್ಯಾಗ ಏಳನೇತ್ತ ಕಲ್ಯಾಕತ್ತಾಳ್ರಿ. ನಾ ಆ ಕಡೆ ಮಾರಿ ಮಾಡಿ ಕುಂದ್ರತೇನಿ, ನೀವು ಬರೀರಿ.”

ಅವನ ಬೆನ್ನು ನೋಡಿ ಅವಳಿಗೆ ಆ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಸಡಿಲಾಯಿತು. ಟೈಪ್ ಮುಗಿಸಿ, ಅವನ ಅಂಗಡಿಯಲ್ಲೇ ಪೆನ್‌ಡ್ರೈವ್ ಕೊಂಡು, ಎಲ್ಲವನ್ನೂ ಅದಕ್ಕೂ ಹಾಕಿ ಸೆರಗಿಗೆ ಗಂಟು ಕಟ್ಟಿದಳು. ಮರುದಿನ ಬೆಳಿಗ್ಗೆ ಮೂಡಲಗಿ ಶಾಲೆಯ ಹೆಡ್‌ಮಾಸ್ತರರು ಅವಳು ಪ್ರಿಂಟ್ ತೆಗೆದು ತಂದ ಪತ್ರಿಕೆಗಳ ಲಕೋಟೆ ತೆಗೆದುಕೊಂಡು, ಏನೂ ಕೇಳದೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು.