ಜಲಜಕ್ಕ ಸ್ಕೂಟರ್ ಕಲಿತದ್ದು

ಯಾರಿಗಾದರೂ ಏನನ್ನಾದರೂ ಕಲಿಸುವ ಯೋಗ್ಯತೆ ರವಿರಾಜನಿಗೆ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಕುಂದಾಪುರದ ಮೊಬೈಲ್ ಅಂಗಡಿಯಲ್ಲಿ ಫೋನಿಗೆ ಗಾಜಿನ ಹಾಳೆ ಅಂಟಿಸುವುದು ಅವನ ಸಂಬಳದ ಕೆಲಸ. ಗುಳ್ಳೆ ಬಾರದಂತೆ ಅಂಟಿಸಿದ ದಿನ ಸಾಹುಕಾರರೇ ಎದ್ದು ಬಂದು ನೋಡಿ ಹೋಗುತ್ತಿದ್ದರು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ನೆಲಕ್ಕೆ ಕಾಲೂರಿ ಫೇಲಾಗಿ, ಮೂರನೆಯ ಸಲ ಇನ್ಸ್‌ಪೆಕ್ಟರಿಗೆ ಬೇಸರ ಬಂದು ಪಾಸಾದವನು. ಅಂಥವನ ಬಳಿ ಕೋಡಿಯ ಜಲಜಕ್ಕ, ಅವನ ತಾಯಿಯ ತಂಗಿ, ಹಳೆಯದೊಂದು ಸ್ಕೂಟರ್ ತಳ್ಳಿಕೊಂಡು ಬಂದು, "ನಂಗಿದ್ ಕಲ್ಸ್ ಮಗಾ" ಎಂದಳು.

"ಬೇರೆ ಯಾರೂ ಸಿಕ್ಲಿಲ್ಯಾ ಚಿಕ್ಕಮ್ಮ?"

"ಸಿಕ್ಕಿದ್ರೆ ನಿನ್ ಹತ್ರ ಎಂತಕ್ಕೆ ಬತ್ತಿದ್ದೆ?"

ಜಲಜಕ್ಕ ಮದುವೆಯಾದ ಲಾಗಾಯ್ತಿನಿಂದ ತಲೆಯ ಮೇಲೆ ಮೀನು ಬುಟ್ಟಿ ಹೊತ್ತವಳು. ಬೆಳಗಿನ ಬಸ್ಸಿಗೆ ಹಾಲಾಡಿ ದಾಟಿ ಶಂಕರನಾರಾಯಣದ ಕಡೆ ಇಳಿದು, ಮನೆಮನೆ ಸುತ್ತಿ, ಯಾರ ಮನೆಯ ಬಾಣಂತಿಗೆ ಯಾವ ಮೀನು, ಯಾವ ಮುದುಕನಿಗೆ ಮುಳ್ಳಿಲ್ಲದ್ದು ಎಂದು ಅರಿತು ಕೊಡುತ್ತಿದ್ದಳು. ಕಳೆದ ಮಳೆಗಾಲ ಅಳಿವೆ ಬಾಯಲ್ಲಿ ದೋಣಿ ಮಗುಚಿ ಅವಳ ಗಂಡ ಸೂರ ತೀರಿಹೋದ. ಸೂತಕ ಕಳೆದು ಬುಟ್ಟಿ ಎತ್ತಲು ಹೋದರೆ ಕೈ ಜುಂ ಎಂದಿತು. ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ತಲೆಹೊರೆ ಕೂಡದು ಎಂದರು ಡಾಕ್ಟರು. ಅಲ್ಲಿಂದ ಅವಳು ಮೂಲೆ ಹಿಡಿದಳು. ಅಷ್ಟರಲ್ಲಿ ಕುಷ್ಟ ಎಂಬವನು ಟೆಂಪೊಗೆ ಮೈಕು ಕಟ್ಟಿಕೊಂಡು ಅವಳ ಮನೆಗಳನ್ನೆಲ್ಲ ಸುತ್ತತೊಡಗಿದ್ದ. ಇನ್ನೊಂದು ಮಳೆಗಾಲ ಕಳೆದರೆ ಆ ಮನೆಗಳು ಅವಳನ್ನು ಮರೆತೇಬಿಡುತ್ತವೆ. ಆಮೇಲೆ ಯಾರದೋ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತ ಕೂರುವುದೊಂದೇ ದಾರಿ.

ಕೋಡಿಯ ಕಡಲ ಬದಿಯ ರಸ್ತೆಯಲ್ಲಿ ಪಾಠ ಶುರುವಾಯಿತು. ಬ್ಯಾಲೆನ್ಸಿನ ಮಾತೇ ಬೇಕಿರಲಿಲ್ಲ. ಬುಟ್ಟಿ ಹೊತ್ತು ಗದ್ದೆಯಂಚಿನಲ್ಲಿ ನಡೆದವಳಿಗೆ ಅದೇನು ಮಹಾ! ಕಷ್ಟವಾದದ್ದು ಬೇರೆ. ತಲೆಹೊರೆಯ ಹೆಂಗಸರು ಕತ್ತು ತಿರುಗಿಸುವುದಿಲ್ಲ. ತಿರುಗಿಸಿದರೆ ಬುಟ್ಟಿ ನೆಲಕ್ಕೆ. ಪಕ್ಕಕ್ಕೆ ನೋಡಬೇಕಾದರೆ ಸೊಂಟದಿಂದಲೇ ಇಡೀ ಮೈ ತಿರುಗಬೇಕು. ಈಗಲೂ ಅದೇ ಅಭ್ಯಾಸ. ಹಿಂದಿನಿಂದ ಯಾರೋ "ಹ್ವಾಯ್ ಜಲಜಕ್ಕಾ!" ಎಂದರೆ ಸಾಕು, ಜಲಜಕ್ಕ ತಿರುಗುತ್ತಿದ್ದಳು, ಅವಳ ಜತೆ ಹ್ಯಾಂಡಲ್ಲು, ಹ್ಯಾಂಡಲ್ಲಿನ ಜತೆ ಸ್ಕೂಟರು, ಹಿಂದೆ ಕೂತ ಗುರುಗಳೂ. ಮೂವರೂ ಚರಂಡಿಗೆ.

"ಹಿಂದೆ ಕಾಣ್ಕಾರೆ ಕನ್ನಡಿ ಕಾಣ್ಕ್, ತಿರ್ಗೂಕಾಗ" ಎಂದು ರವಿರಾಜ್ ಮೊಣಕೈ ಒರೆಸಿಕೊಳ್ಳುತ್ತ ಹೇಳಿದ. ಎರಡೂ ಕನ್ನಡಿಗಳನ್ನು ಸರಿಯಾಗಿ ತಿರುಗಿಸಿ ಕೊಟ್ಟ. ಮರುದಿನ ನೋಡಿದರೆ ಒಂದು ತೆಂಗಿನ ಮರವನ್ನೂ ಇನ್ನೊಂದು ಆಕಾಶವನ್ನೂ ತೋರಿಸುತ್ತಿತ್ತು. ಮತ್ತೆ ಸರಿಮಾಡಿದ. ಮತ್ತೆ ಹಾಗೆಯೇ. ಕಾಗೆ ತನ್ನ ನೆರಳು ಕಂಡು ಕನ್ನಡಿ ಕುಕ್ಕುವುದನ್ನು ಅವನು ನೋಡಿದ್ದ. ಕಾಗೆಯದೇ ಕಿತಾಪತಿ ಎಂದು ತೀರ್ಮಾನಿಸಿ, ರಾತ್ರಿ ಕನ್ನಡಿಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟ. ತನ್ನ ಬುದ್ಧಿವಂತಿಕೆಗೆ ತಾನೇ ಮೆಚ್ಚಿ ಒಂದು ಚಾ ಹೆಚ್ಚು ಕುಡಿದ.

ಬೆಳಿಗ್ಗೆ ತುಸು ಬೇಗ ಬಂದವನಿಗೆ ಕಾಗೆ ಕಂಡಿತು. ಜಲಜಕ್ಕ ಚೀಲ ಬಿಚ್ಚಿ ಕನ್ನಡಿಗಳನ್ನು ಆಚೆ ತಿರುಗಿಸುತ್ತಿದ್ದಳು.

"ಇದೆಂತ ಚಿಕ್ಕಮ್ಮ?"

ಅವಳು ಸೆರಗಿನ ತುದಿಯಿಂದ ಸೀಟು ಒರೆಸಿದಳು. "ಅದ್ರಗೆ ನನ್ ಮುಖ ಕಾಂತ್ ಮಾರಾಯ. ಅವ್ರ್ ಹೋದ್ ಮೇಲೆ ನಾನ್ ಕನ್ನಡಿ ಕಾಂಬ್ದೇ ಬಿಟ್ಟಿದೆ. ಹಣಿ ಖಾಲಿ ಕಾಂಬುಕೆ ನನ್ ಹತ್ರ ಆತಿಲ್ಲೆ."

ಅಂಗಡಿಯಲ್ಲಾದರೆ ರವಿರಾಜ್ ಗಿರಾಕಿಗೆ ಏನಾದರೊಂದು ಸುಳ್ಳು ಹೇಳಬಹುದಿತ್ತು. ಇಲ್ಲಿ ಅದು ನಡೆಯುವಂತಿರಲಿಲ್ಲ. ಅವಳು ಮುಂದೆ ಕೂತ ಮೇಲೆ ತಾನೂ ಹಿಂದೆ ಹತ್ತಿ ಕೂತ. ಕೈ ಚಾಚಿ ಒಂದು ಕನ್ನಡಿಯನ್ನು ತನ್ನ ಕಡೆಗೇ ತಿರುಗಿಸಿದ.

"ಈಗ ಎಂತ ಕಾಂತ್?"

"ನಿನ್ ಮುಸುಡಿ."

"ಅಡ್ಡಿಲ್ಯಾ?"

ಜಲಜಕ್ಕ ಕನ್ನಡಿಯೊಳಗಿನ ಅವನನ್ನು, ಕೊಳೆತ ಬಂಗಡೆ ಆರಿಸುವವಳ ಹಾಗೆ, ಚೆನ್ನಾಗಿ ನೋಡಿದಳು. "ಥತ್! ದಿನಾ ಬೆಳಿಗ್ಗೆ ಇದನ್ನ ಕಾಂಬ್ದಕ್ಕಿಂತ ನನ್ ಮುಖವೇ ಅಡ್ಡಿಲ್ಲೆ."

ಹೇಳಿದವಳು ಮೊದಲು ತಾನೇ ನಕ್ಕಳು. ನಗು ಅರ್ಧಕ್ಕೆ ಏನೋ ಆಗಿ ನಿಂತಿತು. ಕನ್ನಡಿಯನ್ನು ನಿಧಾನವಾಗಿ ಈಚೆ ತಿರುಗಿಸಿಕೊಂಡು ಕೂತಳು. ರವಿರಾಜ್ ಕಡಲಿನ ಕಡೆ ನೋಡುತ್ತ ಕೂತ. ಅಷ್ಟು ಬುದ್ಧಿ ಅವನಿಗಿತ್ತು. "ಕೂದ್ಲೆಲ್ಲ ಬೆಳ್ಳಗಾಯ್ತಲ್ಲ ಮಗಾ" ಎಂದಷ್ಟೇ ಅಂದಳು ಅವಳು. ಆಮೇಲೆ ಮೂಗು ಒರೆಸಿಕೊಂಡು, ಕನ್ನಡಿಯನ್ನು ಇನ್ನೂ ಚೂರು ಹೊರಕ್ಕೆ ಸರಿಸಿದಳು. ರಸ್ತೆ ಕಂಡಿತು.

ಲೈಸೆನ್ಸ್ ಅವಳಿಗೆ ಮೊದಲ ಸಲಕ್ಕೇ ಸಿಕ್ಕಿತು. ಆ ವಿಷಯ ಇಲ್ಲಿ ಹೆಚ್ಚು ಬೆಳೆಸುವುದು ಬೇಡ.

ಮೊದಲ ದಿನ ಸ್ಕೂಟರಿನ ಮುಂದೆ ಮೀನಿನ ಪೆಟ್ಟಿಗೆ, ಹಿಂದೆ ಧೈರ್ಯಕ್ಕೆಂದು ರವಿರಾಜ್. ಧೈರ್ಯ ಯಾರಿಗೆ ಬೇಕಿತ್ತೆಂಬುದು ಹಾಲಾಡಿಯ ತಿರುವುಗಳಲ್ಲಿ ಗೊತ್ತಾಯಿತು; ಅವನು ಕಣ್ಣು ಮುಚ್ಚಿಕೊಂಡೇ ಬಂದ. ಶಂಕರನಾರಾಯಣದ ಈಚೆಗೆ ಬಾಗಿ ಎಂಬ ಮುದುಕಿ ಅಂಗಳದಲ್ಲಿ ನಿಂತಿದ್ದಳು. ಹಳೇ ಗಿರಾಕಿ. ಹೆಲ್ಮೆಟ್ ತೆಗೆಯುವ ತನಕ ಗುರುತು ಹತ್ತಲಿಲ್ಲ.

"ಅಯ್ಯಬ್ಬ, ಜಲಜ! ಎಲ್ಲ್ ಸತ್ತಿದ್ಯೇ ಇಷ್ಟ್ ದಿನ?"

"ಸಾಯೂಕ್ ಹೊರ್ಟದ್ದೇ ಹೌದ್ ಬಾಗಮ್ಮ. ನಿಮ್ಗೆ ಮೀನ್ ಕೊಡೂಕಿತ್ತಲ್ದಾ, ವಾಪಸ್ ಬಂದೆ."

"ಆ ಕುಷ್ಟನ ಐಸ್ ಮೀನ್ ತಿಂದ್ ತಿಂದ್ ನನ್ ನಾಲ್ಗಿ ಮರಗಟ್ಟಿತ್. ಬಂಗ್ಡಿ ಕಾಂಬ, ತೆಗಿ." ಮುದುಕಿ ಪಾತ್ರೆ ತರಲು ಹೋದವಳು ಅಲ್ಲೇ ನಿಂತು ಬೇಲಿಯಾಚೆ ಕೂಗಿದಳು: "ಹ್ವಾಯ್ ವನಜಾ, ನಮ್ ಜಲಜ ಬಂತ್!"

ಆ ಕೇರಿ ಸುತ್ತುವಷ್ಟರಲ್ಲಿ ಪೆಟ್ಟಿಗೆ ಬರಿದಾಯಿತು. ಮುಂದಿನ ಕೇರಿಯವರು ಬಾಗಿಲಲ್ಲಿ ಕಾದು ಬರಿಗೈಯಲ್ಲಿ ಒಳಹೋದರು. ಜಲಜಕ್ಕ ಖಾಲಿ ಪೆಟ್ಟಿಗೆ ನೋಡಿದಳು, ಹಿಂದಿನ ಸೀಟು ನೋಡಿದಳು, ಅದರ ಮೇಲಿದ್ದ ರವಿರಾಜನನ್ನು ನೋಡಿದಳು.

"ನಾಳೆಯಿಂದ ನೀ ಬಪ್ದ್ ಬ್ಯಾಡ ಮಗಾ. ನೀ ಕೂಕಂಬ್ ಜಾಗಕ್ಕೆ ಇನ್ನೊಂದ್ ಪೆಟ್ಗಿ ಕಟ್ತೆ."

ಸಾಹುಕಾರರು ದಿನಕ್ಕೊಮ್ಮೆ ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದಾಗಲೆಲ್ಲ ಅದನ್ನು ಯಾರಿಗೂ ಹೇಳದೆ ಮುಚ್ಚಿಡುತ್ತಿದ್ದ ರವಿರಾಜನಿಗೆ ಆವತ್ತು ಮಾತ್ರ, ಬಂಗಡೆಯ ಪೆಟ್ಟಿಗೆಗೆ ಜಾಗ ಬಿಟ್ಟುಕೊಟ್ಟು ಕೆಲಸ ಕಳೆದುಕೊಂಡೂ, ಊರಿಗೆಲ್ಲ ಹೇಳಿಕೊಂಡು ಬರಬೇಕು ಅನ್ನಿಸಿತು.